ಟೆಕ್ಸೋಮಾ ಜಲಾಶಯದಲ್ಲಿ ಶರತ್ಕಾಲದ ಮೀನುಗಾರಿಕೆ

ಟೆಕ್ಸೋಮಾ ಜಲಾಶಯವು ಅಮೆರಿಕ ಸಂಯುಕ್ತ ಸಂಸ್ಥಾನದ ಟೆಕ್ಸಸ್ ಮತ್ತು ಓಕ್ಲಹೋಮ ರಾಜ್ಯಗಳ ಗಡಿಯಲ್ಲಿ, ರೆಡ್ ನದಿಗೆ ಅಡ್ಡಲಾಗಿ ನಿರ್ಮಿಸಿದ ಡೆನಿಸನ್ ಅಣೆಕಟ್ಟಿನಿಂದ ಉಂಟಾದ ಒಳನಾಡಿನ ಜಲಾಶಯವಾಗಿದೆ. ಇಲ್ಲಿ ಹವ್ಯಾಸಿ ಮೀನುಗಾರಿಕೆ ವರ್ಷವಿಡೀ ನಡೆಯುತ್ತದೆ. ಆದರೆ ಮೀನುಗಳ ನೆಲೆಯೂ ನಡವಳಿಕೆಯೂ ಅತಿ ವೇಗವಾಗಿ ಬದಲಾಗುವ ಕಾಲಗಳಲ್ಲಿ ಶರತ್ಕಾಲವು ಪ್ರಮುಖವಾದುದು. ನೀರಿನ ಉಷ್ಣಾಂಶ, ನೀರಿನಲ್ಲಿ ಕರಗಿರುವ ಆಮ್ಲಜನಕ ಮತ್ತು ಶ್ಯಾಡ್ ಎಂಬ ಸಣ್ಣ ಮೀನಿನ ಹಿಂಡುಗಳ ಚಲನೆ, ಈ ಮೂರು ಅಂಶಗಳು ಆ ಬದಲಾವಣೆಯನ್ನು ನಿರ್ಧರಿಸುತ್ತವೆ. ಶರತ್ಕಾಲದಲ್ಲಿ ಅನುಸರಿಸುವ ಮೀನುಹಿಡಿಯುವ ವಿಧಾನಗಳೆಲ್ಲವೂ ಈ ಮೂರರ ಅರಿವನ್ನೇ ಆಧರಿಸಿವೆ.

ಈ ಲೇಖನದಲ್ಲಿ ಶರತ್ಕಾಲವೆಂದರೆ ಉತ್ತರ ಅಮೆರಿಕದ ವಾಡಿಕೆಯಂತೆ ಸೆಪ್ಟೆಂಬರ್‌ನಿಂದ ಡಿಸೆಂಬರ್ ಆರಂಭದವರೆಗಿನ ಅವಧಿ. ಭಾರತೀಯ ಪಂಚಾಂಗದ ಶರದೃತು, ಅಂದರೆ ಆಶ್ವಯುಜ ಮತ್ತು ಕಾರ್ತಿಕ ಮಾಸಗಳು, ಇದರ ಒಂದು ಭಾಗಕ್ಕೆ ಮಾತ್ರ ಹೊಂದುತ್ತವೆ.

ಜಲಾಶಯದ ಹಿನ್ನೆಲೆ

ಡೆನಿಸನ್ ಅಣೆಕಟ್ಟಿನ ಕಾಮಗಾರಿ 1939ರಲ್ಲಿ ಆರಂಭವಾಗಿ 1944ರಲ್ಲಿ ಪೂರ್ಣಗೊಂಡಿತು. ಪ್ರವಾಹ ನಿಯಂತ್ರಣ ಮತ್ತು ಜಲವಿದ್ಯುತ್ ಉತ್ಪಾದನೆ ಇದರ ಮುಖ್ಯ ಉದ್ದೇಶಗಳಾಗಿದ್ದವು. ಅಮೆರಿಕದ ಸೇನಾ ಎಂಜಿನಿಯರುಗಳ ದಳವು ಇದನ್ನು ನಿರ್ಮಿಸಿ ಇಂದಿಗೂ ನಿರ್ವಹಿಸುತ್ತಿದೆ. ಟೆಕ್ಸಸ್ ಮತ್ತು ಓಕ್ಲಹೋಮ ಎಂಬ ಎರಡು ಹೆಸರುಗಳ ಭಾಗಗಳನ್ನು ಕೂಡಿಸಿ ‘ಟೆಕ್ಸೋಮಾ’ ಎಂಬ ಹೆಸರನ್ನು ರೂಪಿಸಲಾಗಿದೆ.

ಜಲಾಶಯದ ವಿಸ್ತೀರ್ಣವನ್ನು ಹಳೆಯ ದಾಖಲೆಗಳು ಸುಮಾರು 89,000 ಎಕರೆ ಎಂದು ನಮೂದಿಸಿವೆ. ನದಿಗಳು ತಂದ ಹೂಳು ತುಂಬಿದ್ದರಿಂದ ಇತ್ತೀಚಿನ ಅಳತೆಗಳಲ್ಲಿ ಅದು ಸುಮಾರು 75,000 ಎಕರೆಗೆ ಇಳಿದಿದೆ. ಸಾಮಾನ್ಯ ನೀರಿನ ಮಟ್ಟ ಸಮುದ್ರಮಟ್ಟದಿಂದ 617 ಅಡಿ. ನೀರು 640 ಅಡಿಗೆ ಏರಿದರೆ ಕೋಡಿ ಹರಿಯುತ್ತದೆ. 1957, 1990, 2007 ಮತ್ತು 2015ರಲ್ಲಿ ಹೀಗೆ ಕೋಡಿ ಹರಿದಿದೆ.

ಜಲಾಶಯಕ್ಕೆ ಎರಡು ದೊಡ್ಡ ಕವಲುಗಳಿವೆ. ಪಶ್ಚಿಮದಿಂದ ರೆಡ್ ನದಿಯ ಕವಲೂ ಉತ್ತರದಿಂದ ವಾಷಿಟಾ ನದಿಯ ಕವಲೂ ಬಂದು ಅಣೆಕಟ್ಟಿನ ಮೇಲ್ಭಾಗದಲ್ಲಿ ಕೂಡುತ್ತವೆ. ಕವಲುಗಳ ತುದಿಗಳಲ್ಲಿ ನೀರು ಆಳವಿಲ್ಲದೆ, ಹೂಳಿನಿಂದ ಕದಡಿರುತ್ತದೆ. ಅಣೆಕಟ್ಟಿನ ಸಮೀಪ ನೀರು ತಿಳಿಯಾಗಿದ್ದು, ಆಳ ಸುಮಾರು 30 ಮೀಟರ್ ಮುಟ್ಟುತ್ತದೆ. ರೆಡ್ ನದಿಯ ಮೇಲ್ಕಣಿವೆಯಲ್ಲಿ ಉಪ್ಪಿನ ನಿಕ್ಷೇಪಗಳಿರುವ ಕಾರಣ ಜಲಾಶಯದ ನೀರಿನಲ್ಲಿ ಸ್ವಲ್ಪ ಲವಣಾಂಶವಿದೆ.

ಪ್ರಮುಖ ಮೀನುಗಳು

ಟೆಕ್ಸೋಮಾದ ಖ್ಯಾತಿಗೆ ಮುಖ್ಯ ಕಾರಣ ಸ್ಟ್ರೈಪ್ಡ್ ಬಾಸ್ ಎಂಬ ಪಟ್ಟೆಮೀನು. ಇದು ಮೂಲತಃ ಅಮೆರಿಕದ ಅಟ್ಲಾಂಟಿಕ್ ಕರಾವಳಿಯದು. ಸಮುದ್ರದಲ್ಲಿ ಬೆಳೆದು ಮೊಟ್ಟೆಯಿಡಲು ನದಿಗಳಿಗೆ ಬರುವುದು ಅದರ ಸಹಜ ಜೀವನಕ್ರಮ. 1960ರ ದಶಕದ ಮಧ್ಯಭಾಗದಿಂದ ಇದರ ಮರಿಗಳನ್ನು ಟೆಕ್ಸೋಮಾಕ್ಕೆ ಬಿಡಲಾಯಿತು. 1970ರ ದಶಕದಲ್ಲಿ ಅವು ಇಲ್ಲಿಯೇ ಸಂತಾನೋತ್ಪತ್ತಿ ಮಾಡುತ್ತಿರುವುದು ಕಂಡುಬಂದಿತು.

ಒಳನಾಡಿನ ಜಲಾಶಯಗಳಲ್ಲಿ ಇದು ಅಪರೂಪದ ಸಂಗತಿ. ಸ್ಟ್ರೈಪ್ಡ್ ಬಾಸ್‌ನ ಮೊಟ್ಟೆಗಳು ಒಡೆಯಲು ಸುಮಾರು ಎರಡು ದಿನ ಬೇಕಾಗುತ್ತದೆ. ಅಷ್ಟು ಹೊತ್ತೂ ಅವು ಹರಿಯುವ ನೀರಿನಲ್ಲಿ ತೇಲುತ್ತಿರಬೇಕು, ತಳಕ್ಕೆ ಇಳಿದು ಹೂಳಿನಲ್ಲಿ ಹುದುಗಿದರೆ ಸಾಯುತ್ತವೆ. ರೆಡ್ ಮತ್ತು ವಾಷಿಟಾ ನದಿಗಳು ಜಲಾಶಯದ ಮೇಲ್ಭಾಗದಲ್ಲಿ ಬಹುದೂರ ಅಡೆತಡೆಯಿಲ್ಲದೆ ಹರಿಯುವುದರಿಂದ ಈ ಅಗತ್ಯ ಪೂರೈಸುತ್ತದೆ. ಅನೇಕ ಜಲಾಶಯಗಳಲ್ಲಿ ಈ ಮೀನಿನ ಸಂಖ್ಯೆಯನ್ನು ಕಾಯ್ದುಕೊಳ್ಳಲು ಮತ್ತೆ ಮತ್ತೆ ಮರಿಗಳನ್ನು ಬಿಡಬೇಕಾಗುತ್ತದೆ. ಟೆಕ್ಸೋಮಾದ ಮೀನುಗಾರಿಕೆ ಮಾತ್ರ ನದಿಯಲ್ಲಿ ಸಹಜವಾಗಿ ಹುಟ್ಟಿದ ಮೀನುಗಳ ಮೇಲೆ ನಿಂತಿದೆ.

ಇತರ ಮುಖ್ಯ ಮೀನುಗಳೆಂದರೆ ವೈಟ್ ಬಾಸ್, ಲಾರ್ಜ್‌ಮೌತ್ ಬಾಸ್, ಸ್ಮಾಲ್‌ಮೌತ್ ಬಾಸ್, ಸ್ಪಾಟೆಡ್ ಬಾಸ್, ಕ್ರಾಪಿ ಮತ್ತು ಬ್ಲೂ ಕ್ಯಾಟ್‌ಫಿಶ್. 2004ರ ಜನವರಿಯಲ್ಲಿ ಇಲ್ಲಿ ಹಿಡಿದ 121.5 ಪೌಂಡ್ (ಸುಮಾರು 55 ಕೆ.ಜಿ.) ತೂಕದ ಬ್ಲೂ ಕ್ಯಾಟ್‌ಫಿಶ್ ಆ ಕಾಲದ ವಿಶ್ವದಾಖಲೆಯಾಗಿತ್ತು.

ಈ ಬೇಟೆಮೀನುಗಳಲ್ಲಿ ಬಹುಪಾಲಿನವುಗಳ ಮುಖ್ಯ ಆಹಾರ ಶ್ಯಾಡ್. ಜಲಾಶಯದಲ್ಲಿ ಥ್ರೆಡ್‌ಫಿನ್ ಶ್ಯಾಡ್ ಮತ್ತು ಗಿಜಾರ್ಡ್ ಶ್ಯಾಡ್ ಎಂಬ ಎರಡು ಜಾತಿಗಳಿವೆ. ಮೊದಲನೆಯದು ಚಿಕ್ಕದು ಹಾಗೂ ಚಳಿಯನ್ನು ತಾಳಲಾರದು. ಎರಡನೆಯದು ಹೆಚ್ಚು ದೊಡ್ಡದಾಗಿ ಬೆಳೆಯುತ್ತದೆ, ಚಳಿಯನ್ನೂ ತಕ್ಕಮಟ್ಟಿಗೆ ತಾಳುತ್ತದೆ.

ಶರತ್ಕಾಲದಲ್ಲಿ ನೀರಿನ ಬದಲಾವಣೆ

ಬೇಸಿಗೆಯಲ್ಲಿ ಸೂರ್ಯನ ಶಾಖದಿಂದ ಮೇಲಿನ ನೀರು ಬೆಚ್ಚಗಾಗಿ ಹಗುರವಾಗುತ್ತದೆ. ತಳದ ನೀರು ತಣ್ಣಗಿದ್ದು ಭಾರವಾಗಿರುತ್ತದೆ. ಇವೆರಡರ ನಡುವೆ ಉಷ್ಣಾಂಶವು ಥಟ್ಟನೆ ಇಳಿಯುವ ಒಂದು ಪದರವಿರುತ್ತದೆ. ಇದಕ್ಕೆ ಥರ್ಮೋಕ್ಲೈನ್ ಎಂದು ಹೆಸರು. ಗಾಳಿಯು ಮೇಲಿನ ಪದರವನ್ನಷ್ಟೇ ಕಲಕಬಲ್ಲದು. ಹೀಗಾಗಿ ತಳದ ನೀರಿಗೆ ಹೊಸ ಆಮ್ಲಜನಕ ಸೇರುವುದಿಲ್ಲ. ಅಲ್ಲಿಗೆ ಇಳಿದ ಪಾಚಿ ಮತ್ತಿತರ ಜೈವಿಕ ಕಸ ಕೊಳೆಯುವಾಗ ಇದ್ದ ಆಮ್ಲಜನಕವೂ ಮುಗಿದುಹೋಗುತ್ತದೆ.

ಬೇಸಿಗೆಯ ಕೊನೆಯಲ್ಲಿ ದೊಡ್ಡ ಸ್ಟ್ರೈಪ್ಡ್ ಬಾಸ್‌ಗಳು ಇದರಿಂದ ಇಕ್ಕಟ್ಟಿಗೆ ಸಿಲುಕುತ್ತವೆ. ಅವು ತಂಪಾದ ನೀರನ್ನು ಬಯಸುತ್ತವೆ, ಆದರೆ ತಂಪಾದ ನೀರಿನಲ್ಲಿ ಉಸಿರಾಡಲು ಆಮ್ಲಜನಕವಿಲ್ಲ. ಆಮ್ಲಜನಕವಿರುವ ಮೇಲಿನ ನೀರು ಅವುಗಳಿಗೆ ಅತಿಯಾಗಿ ಬಿಸಿ. ಎರಡರ ನಡುವಿನ ಕಿರಿದಾದ ಪದರದಲ್ಲಿ ಅವು ಒತ್ತೊತ್ತಾಗಿ ಸೇರುತ್ತವೆ, ಸರಿಯಾಗಿ ಆಹಾರ ತೆಗೆದುಕೊಳ್ಳದೆ ಸೊರಗುತ್ತವೆ. ಈ ಒತ್ತಡದಿಂದ ಕೆಲವು ಮೀನುಗಳು ಸಾಯುವುದೂ ಉಂಟು.

ಸೆಪ್ಟೆಂಬರ್‌ನಿಂದ ರಾತ್ರಿಗಳು ದೀರ್ಘವಾಗುತ್ತವೆ. ಮೇಲಿನ ನೀರು ತಣ್ಣಗಾಗಿ, ಭಾರವಾಗಿ ಕೆಳಗಿಳಿಯತೊಡಗುತ್ತದೆ. ಮೇಲಿನ ಮತ್ತು ತಳದ ನೀರಿನ ಸಾಂದ್ರತೆಯ ಅಂತರ ಕಡಿಮೆಯಾದಂತೆ ಗಾಳಿಯ ಬಲ ಹೆಚ್ಚು ಆಳಕ್ಕೆ ತಲುಪುತ್ತದೆ, ಕೊನೆಗೆ ಜಲಾಶಯವು ಮೇಲಿನಿಂದ ತಳದವರೆಗೆ ಕಲೆಯುತ್ತದೆ. ಇದನ್ನು ಶರತ್ಕಾಲದ ನೀರಿನ ಮಗುಚುವಿಕೆ ಎನ್ನಬಹುದು.

ಮಗುಚುವಿಕೆ ಒಂದೇ ದಿನದಲ್ಲಿ ಆಗುವ ಘಟನೆಯೆಂಬ ತಪ್ಪು ಕಲ್ಪನೆ ಸಾಮಾನ್ಯವಾಗಿದೆ. ವಾಸ್ತವದಲ್ಲಿ ಇದು ಹಲವು ವಾರಗಳ ಕಾಲ ಹಂತಹಂತವಾಗಿ ನಡೆಯುತ್ತದೆ. ಆಳವಿಲ್ಲದ ನದಿ ಕವಲುಗಳಲ್ಲಿ ಪದರಗಳು ಗಟ್ಟಿಯಾಗಿ ರೂಪುಗೊಳ್ಳುವುದೇ ಇಲ್ಲ. ಅಣೆಕಟ್ಟಿನ ಬಳಿಯ ಆಳವಾದ ಭಾಗ ಕೊನೆಯಲ್ಲಿ ಕಲೆಯುತ್ತದೆ. ಕಲೆಯುವ ದಿನಗಳಲ್ಲಿ ನೀರು ಕಂದು ಅಥವಾ ಬೂದುಬಣ್ಣಕ್ಕೆ ತಿರುಗಬಹುದು, ತಳದಲ್ಲಿದ್ದ ಹೈಡ್ರೋಜನ್ ಸಲ್ಫೈಡ್‌ನಿಂದ ಕೊಳೆತ ಮೊಟ್ಟೆಯ ವಾಸನೆ ಬರಬಹುದು. ತಳದ ನಿಸ್ಸತ್ವ ನೀರು ಮೇಲಿನ ನೀರಿನೊಂದಿಗೆ ಬೆರೆಯುವುದರಿಂದ ಅಲ್ಲಲ್ಲಿ ಆಮ್ಲಜನಕ ತಾತ್ಕಾಲಿಕವಾಗಿ ಕುಸಿಯುತ್ತದೆ. ಆಗ ಮೀನುಗಳು ಚದುರಿ, ಗಾಳಕ್ಕೆ ಬೀಳುವುದು ಕಡಿಮೆಯಾಗುತ್ತದೆ. ಇಂಥ ದಿನಗಳಲ್ಲಿ ಹಳ್ಳಗಳು ಸೇರುವ ಆಳವಿಲ್ಲದ ಜಾಗಗಳಿಗೆ ಅಥವಾ ಆಗಲೇ ಕಲೆತು ಚೇತರಿಸಿಕೊಂಡ ಕವಲುಗಳಿಗೆ ಹೋಗುವುದು ವಾಡಿಕೆ.

ಕಲೆಯುವಿಕೆ ಮುಗಿದ ಮೇಲೆ ಎಲ್ಲ ಆಳಗಳಲ್ಲೂ ಆಮ್ಲಜನಕ ದೊರೆಯುತ್ತದೆ. ಬೇಸಿಗೆಯಲ್ಲಿ ಒಂದು ಪದರಕ್ಕೆ ಸೀಮಿತವಾಗಿದ್ದ ಮೀನು ಈಗ ಎಲ್ಲಿ ಬೇಕಾದರೂ ಇರಬಹುದು. ಶರತ್ಕಾಲದಲ್ಲಿ ಮೀನು ಹುಡುಕುವುದು ಕಷ್ಟವೆನಿಸುವುದಕ್ಕೂ, ಸಿಕ್ಕ ಮೀನು ಚುರುಕಾಗಿರುವುದಕ್ಕೂ ಇದೇ ಕಾರಣ.

ಶ್ಯಾಡ್ ಹಿಂಡುಗಳ ಚಲನೆ

ನೀರು ತಣಿಯತೊಡಗಿದಾಗ ಶ್ಯಾಡ್ ಹಿಂಡುಗಳು ಜಲಾಶಯದ ತೆರೆದ ಭಾಗದಿಂದ ಹಳ್ಳಗಳ ಬಾಯಿಗೂ ಹಿನ್ನೀರಿನ ಒಳಭಾಗಕ್ಕೂ ಸರಿಯುತ್ತವೆ. ಪೋಷಕಾಂಶ ಹೆಚ್ಚಿರುವ ಆ ಆಳವಿಲ್ಲದ ನೀರಿನಲ್ಲಿ ಅವುಗಳ ಆಹಾರವಾದ ಪ್ಲವಕಗಳು ಸಮೃದ್ಧವಾಗಿರುತ್ತವೆ. ಬಾಸ್ ಜಾತಿಯ ಮೀನುಗಳು ಅವುಗಳ ಬೆನ್ನುಹತ್ತುತ್ತವೆ.

ಗಾಳಿಯ ದಿಕ್ಕೂ ಇಲ್ಲಿ ಮುಖ್ಯ. ಪ್ಲವಕಗಳು ಗಾಳಿ ತಳ್ಳಿದ ಕಡೆಗೆ ತೇಲುತ್ತವೆ, ಶ್ಯಾಡ್ ಅವುಗಳನ್ನು ಹಿಂಬಾಲಿಸುತ್ತದೆ. ದಕ್ಷಿಣದ ಗಾಳಿ ಒಂದೆರಡು ದಿನ ಸತತವಾಗಿ ಬೀಸಿದರೆ ಉತ್ತರದ ಓಕ್ಲಹೋಮ ದಡದ ಚಾಚುಗಳ ಬಳಿ ಮೀನು ಸೇರುವ ಸಾಧ್ಯತೆ ಹೆಚ್ಚು. ಉತ್ತರದ ಗಾಳಿ ಬೀಸಿದರೆ ದಕ್ಷಿಣದ ಟೆಕ್ಸಸ್ ದಡಕ್ಕೆ ಈ ಅನುಕೂಲ ದೊರೆಯುತ್ತದೆ.

ಶರತ್ಕಾಲದ ಕೊನೆಯಲ್ಲಿ ಶ್ಯಾಡ್ ಮತ್ತೆ ಆಳಕ್ಕೆ ಮರಳುತ್ತದೆ. ನೀರು ಸುಮಾರು 8 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಾದರೆ ಥ್ರೆಡ್‌ಫಿನ್ ಶ್ಯಾಡ್ ನಿತ್ರಾಣಗೊಂಡು ಸಾಯತೊಡಗುತ್ತದೆ.

ಅವಧಿಯ ಹಂತಗಳು

ಸೆಪ್ಟೆಂಬರ್: ಮೇಲಿನ ನೀರು ಇನ್ನೂ ಬೆಚ್ಚಗೆ, ಸುಮಾರು 25ರಿಂದ 28 ಡಿಗ್ರಿಯಷ್ಟಿರುತ್ತದೆ. ಪದರಗಳು ಪೂರ್ತಿ ಒಡೆದಿರುವುದಿಲ್ಲ. ನಸುಕಿನ ಮತ್ತು ಸಂಜೆಯ ಅಲ್ಪ ಅವಧಿಯಲ್ಲಿ ಮಾತ್ರ ಮೀನುಗಳು ಮೇಲ್ಮೈಗೆ ಬರುತ್ತವೆ. ಹಗಲಿನಲ್ಲಿ ಥರ್ಮೋಕ್ಲೈನ್‌ಗಿಂತ ಸ್ವಲ್ಪ ಮೇಲಿನ ಆಳದಲ್ಲಿ ಗಾಳ ಇಳಿಸಬೇಕು. ಅದಕ್ಕಿಂತ ಕೆಳಗೆ ಇಳಿಸಿದ ಎರೆ ಮೀನಿಲ್ಲದ ನೀರಿನಲ್ಲಿ ವ್ಯರ್ಥವಾಗುತ್ತದೆ.

ಅಕ್ಟೋಬರ್: ನೀರು 20 ಡಿಗ್ರಿಯತ್ತ ಇಳಿಯುತ್ತದೆ. ಕಲೆಯುವಿಕೆ ಮುಗಿದ ಭಾಗಗಳಲ್ಲಿ ಸ್ಟ್ರೈಪ್ಡ್ ಬಾಸ್‌ಗಳು ಬೇಸಿಗೆಯ ಕೊರತೆಯನ್ನು ತುಂಬಿಕೊಳ್ಳಲು ಹೊತ್ತುಹೊತ್ತಿಗೂ ಬೇಟೆಯಾಡುತ್ತವೆ. ಲಾರ್ಜ್‌ಮೌತ್ ಬಾಸ್‌ಗಳು ಶ್ಯಾಡ್ ಹಿಂದೆಯೇ ಹಳ್ಳಗಳ ಒಳಭಾಗಕ್ಕೆ ಸೇರುತ್ತವೆ.

ನವೆಂಬರ್‌ನಿಂದ ಡಿಸೆಂಬರ್ ಆರಂಭ: ನೀರು 18 ಡಿಗ್ರಿಯಿಂದ 12 ಡಿಗ್ರಿಯವರೆಗೆ ತಣಿಯುತ್ತದೆ. ಕಡಲಕ್ಕಿಗಳ ಗುಂಪುಗಳು ಜಲಾಶಯಕ್ಕೆ ವಲಸೆ ಬಂದಿರುತ್ತವೆ. ಮೀನುಗಳು ದೊಡ್ಡ ಹಿಂಡುಗಳಾಗಿ ತೆರೆದ ನೀರಿನ ದಿಬ್ಬಗಳ ಮೇಲೆ ಮತ್ತು ಮುಳುಗಿದ ನದಿಪಾತ್ರದ ಅಂಚುಗಳಲ್ಲಿ ನೆಲೆಸುತ್ತವೆ. ಕ್ರಾಪಿಗಳು ಮುಳುಗಿದ ಪೊದೆಗಳ ಮತ್ತು ತೇಲುವ ದೋಣಿಕಟ್ಟೆಗಳ ಕೆಳಗೆ ಗುಂಪುಗೂಡುತ್ತವೆ.

ಈ ಉಷ್ಣಾಂಶಗಳು ಸರಾಸರಿಯ ಸೂಚನೆಗಳಷ್ಟೆ. ಆಯಾ ವರ್ಷದ ಮಳೆ ಮತ್ತು ಚಳಿಗೆ ಅನುಗುಣವಾಗಿ ಹಂತಗಳು ಒಂದೆರಡು ವಾರ ಹಿಂದುಮುಂದಾಗುತ್ತವೆ. ಆದ್ದರಿಂದ ದಿನಾಂಕಕ್ಕಿಂತ ನೀರಿನ ಉಷ್ಣಾಂಶವನ್ನು ಅಳೆದು ನಿರ್ಧರಿಸುವುದು ಹೆಚ್ಚು ವಿಶ್ವಾಸಾರ್ಹ.

ಮೀನುಹಿಡಿಯುವ ವಿಧಾನಗಳು

ಮೇಲ್ಮೈ ಎರೆ: ಬೆಳಗಿನ ಮಂದ ಬೆಳಕಿನಲ್ಲಿ ಸ್ಟ್ರೈಪ್ಡ್ ಬಾಸ್‌ಗಳು ಶ್ಯಾಡ್ ಹಿಂಡನ್ನು ಮೇಲ್ಮೈಗೆ ಅಥವಾ ದಡದ ಚಾಚಿಗೆ ಅಟ್ಟಿಕೊಂಡು ಬರುತ್ತವೆ. ಆಗ ನೀರಿನ ಮೇಲೆ ಚಿಮ್ಮುತ್ತ ಸದ್ದುಮಾಡುವ ತೇಲುವ ಕೃತಕ ಎರೆಯನ್ನು ಎಸೆದು ಎಳೆಯಲಾಗುತ್ತದೆ. ಮೀನು ಎರಗಿದೊಡನೆ ಕೋಲನ್ನು ಜಗ್ಗಿದರೆ ಎರೆ ಅದರ ಬಾಯಿಂದ ತಪ್ಪಿಹೋಗುವುದು ಸಾಮಾನ್ಯ. ದಾರದಲ್ಲಿ ಮೀನಿನ ಭಾರ ತಿಳಿದ ಬಳಿಕವೇ ಜಗ್ಗಬೇಕು.

ಹಕ್ಕಿಗಳ ಗಮನಿಸುವಿಕೆ: ಕೆಳಗಿನಿಂದ ಬೇಟೆಮೀನುಗಳು ಅಟ್ಟಿದ ಶ್ಯಾಡ್‌ಗಳನ್ನು ಕಡಲಕ್ಕಿಗಳು ಮೇಲಿನಿಂದ ಎರಗಿ ಹಿಡಿಯುತ್ತವೆ. ಒಂದೇ ಜಾಗದಲ್ಲಿ ಸುತ್ತುತ್ತ ನೀರಿಗೆ ಎರಗುವ ಹಕ್ಕಿಗಳು ಕೆಳಗೆ ಮೀನಿನ ಹಿಂಡಿರುವುದನ್ನು ಸೂಚಿಸುತ್ತವೆ. ನೀರಿನ ಮೇಲೆ ಸುಮ್ಮನೆ ಕುಳಿತ ಹಕ್ಕಿಗಳು ಹಿಂಡು ಈಗಷ್ಟೇ ಆಳಕ್ಕಿಳಿದಿರುವುದರ ಗುರುತೂ ಆಗಿರಬಹುದು. ಮೋಟಾರು ದೋಣಿಯನ್ನು ಹಿಂಡಿನ ಮೇಲೆಯೇ ಓಡಿಸಿದರೆ ಮೀನುಗಳು ಮುಳುಗಿ ಚದುರುತ್ತವೆ. ದೂರದಲ್ಲಿಯೇ ಎಂಜಿನ್ ನಿಲ್ಲಿಸಿ, ಗಾಳಿಗೆ ತೇಲಿಕೊಂಡು ಸಮೀಪಿಸುವುದು ಸರಿಯಾದ ಕ್ರಮ. ಬೇರೆ ದೋಣಿಗಳವರು ಮೊದಲೇ ಹಿಡಿಯುತ್ತಿರುವ ಹಿಂಡಿನ ನಡುವೆ ನುಗ್ಗದಿರುವುದು ಇಲ್ಲಿನ ಮರ್ಯಾದೆಯೂ ಹೌದು.

ಲಂಬ ಗಾಳ: ಸೋನಾರ್ ಯಂತ್ರದ ಪರದೆಯಲ್ಲಿ ಹಿಂಡು ಕಂಡಾಗ, ಚಪ್ಪಟೆಯಾದ ಸೀಸದ ಎರೆಯನ್ನು ನೇರವಾಗಿ ತಳಕ್ಕೆ ಬಿಟ್ಟು ಮೇಲೆ ಕೆಳಗೆ ಆಡಿಸಲಾಗುತ್ತದೆ. ಎರೆ ಕೆಳಗೆ ಬೀಳುವಾಗಲೇ ಹೆಚ್ಚಿನ ಮೀನುಗಳು ಕಚ್ಚುವುದರಿಂದ ದಾರವನ್ನು ತೀರ ಸಡಿಲ ಬಿಡಬಾರದು. ನೀರು ತಣಿದಂತೆ ಆಡಿಸುವ ವೇಗವನ್ನು ತಗ್ಗಿಸಬೇಕು. ಚಳಿಗಾಲ ಸಮೀಪಿಸಿದಾಗ ಮೃದುವಾದ ಪ್ಲಾಸ್ಟಿಕ್ ಎರೆಯನ್ನು ಹಿಂಡಿನ ಆಳದಲ್ಲಿ ಅಲುಗಿಸದೆ ಹಿಡಿಯುವ ವಿಧಾನವೂ ಫಲ ಕೊಡುತ್ತದೆ.

ಜೀವಂತ ಎರೆ: ನಸುಕಿನಲ್ಲಿ ಬೀಸುಬಲೆಯಿಂದ ಶ್ಯಾಡ್ ಹಿಡಿದು, ಗಾಳಿಯಾಡುವ ದುಂಡನೆಯ ತೊಟ್ಟಿಯಲ್ಲಿ ಜೀವಂತವಾಗಿಟ್ಟು, ಬೇಕಾದ ಆಳಕ್ಕೆ ಇಳಿಸುವುದು ಮಾರ್ಗದರ್ಶಕ ದೋಣಿಗಳ ಪ್ರಚಲಿತ ವಿಧಾನ. ಚೌಕಾಕಾರದ ತೊಟ್ಟಿಯ ಮೂಲೆಗಳಲ್ಲಿ ಶ್ಯಾಡ್ ಸಿಲುಕಿ ಸಾಯುವುದರಿಂದ ದುಂಡು ತೊಟ್ಟಿಗೆ ಪ್ರಾಶಸ್ತ್ಯವಿದೆ. ಬ್ಲೂ ಕ್ಯಾಟ್‌ಫಿಶ್‌ಗೆ ಶ್ಯಾಡ್‌ನ ತುಂಡುಗಳನ್ನು ಸಿಕ್ಕಿಸಿ, ದೋಣಿಯನ್ನು ಗಾಳಿಗೆ ನಿಧಾನವಾಗಿ ತೇಲಿಬಿಟ್ಟು ಸಮತಟ್ಟಾದ ತಳದ ಮೇಲೆ ಎಳೆಯಲಾಗುತ್ತದೆ.

ದಡದಿಂದ ಹಿಡಿಯುವುದು: ದೋಣಿಯಿಲ್ಲದವರಿಗೂ ಶರತ್ಕಾಲ ಅನುಕೂಲಕರವಾದುದು. ಶ್ಯಾಡ್ ದಡದ ಸಮೀಪ ಬರುವುದರಿಂದ ಗಾಳಿ ಬಡಿಯುವ ಕಲ್ಲಿನ ಚಾಚುಗಳಿಂದಲೂ ಹಳ್ಳಗಳ ಬಾಯಿಯಿಂದಲೂ ಬಾಸ್ ಹಿಡಿಯಬಹುದು. ಕಲ್ಲಿನ ದಡಗಳಲ್ಲಿ ಸ್ಮಾಲ್‌ಮೌತ್ ಬಾಸ್ ದೊರೆಯುತ್ತದೆ. ಅಣೆಕಟ್ಟಿನ ಕೆಳಗಿನ ನದಿಪಾತ್ರದಲ್ಲಿಯೂ ಮೀನುಗಾರಿಕೆ ನಡೆಯುತ್ತದೆ. ಆದರೆ ವಿದ್ಯುತ್ ಉತ್ಪಾದನೆ ಆರಂಭವಾದೊಡನೆ ಅಲ್ಲಿ ನೀರು ಬೇಗನೆ ಏರುತ್ತದೆ. ಎಚ್ಚರಿಕೆಯ ಸದ್ದು ಕೇಳಿದ ಕೂಡಲೇ ನೀರಿನಿಂದ ಮೇಲೇರಬೇಕು.

ಹವಾಮಾನದ ಪ್ರಭಾವ

ಶರತ್ಕಾಲದಲ್ಲಿ ಉತ್ತರದಿಂದ ಶೀತಮಾರುತಗಳು ಅಲೆಅಲೆಯಾಗಿ ಬರುತ್ತವೆ. ಮಾರುತ ಬರುವ ಮುನ್ನ ಮೋಡ ಕವಿದು, ವಾಯುಭಾರ ಇಳಿದು, ದಕ್ಷಿಣದ ಗಾಳಿ ಬಲಗೊಳ್ಳುತ್ತದೆ. ಮೀನುಗಳು ಚೆನ್ನಾಗಿ ಎರೆ ಹಿಡಿಯುವ ಸಮಯ ಇದೆಂಬುದು ಮೀನುಗಾರರ ಸಾಮಾನ್ಯ ಅನುಭವ. ಮಾರುತ ದಾಟಿದ ನಂತರ ನಿರಭ್ರ ಆಕಾಶ ಮತ್ತು ಉತ್ತರದ ಗಾಳಿಯಿರುವ ಒಂದೆರಡು ದಿನ ಮೀನುಗಳು ಮಂಕಾಗುತ್ತವೆ, ಆಳಕ್ಕೆ ಸರಿಯುತ್ತವೆ. ಆಗ ಚಿಕ್ಕ ಎರೆಯನ್ನು ನಿಧಾನಗತಿಯಲ್ಲಿ ಬಳಸುವುದು ಸೂಕ್ತ. ವಾಯುಭಾರವೇ ಮೀನನ್ನು ನೇರವಾಗಿ ಪ್ರಭಾವಿಸುತ್ತದೆಯೋ, ಅದರೊಡನೆ ಬದಲಾಗುವ ಬೆಳಕು, ಗಾಳಿ ಮತ್ತು ಉಷ್ಣಾಂಶಗಳು ಕಾರಣವೋ ಎಂಬುದನ್ನು ಪ್ರತ್ಯೇಕಿಸಿ ಹೇಳುವುದು ಕಷ್ಟ.

ಸುರಕ್ಷತೆ

ಜಲಾಶಯವು ವಿಶಾಲವಾಗಿದ್ದು ಗಾಳಿಗೆ ಅಡ್ಡವಿಲ್ಲದ ಭಾಗಗಳು ಬಹಳವಿವೆ. ಶೀತಮಾರುತ ಅಪ್ಪಳಿಸಿದಾಗ ಶಾಂತವಾಗಿದ್ದ ನೀರಿನಲ್ಲಿ ಅಲ್ಪಕಾಲದಲ್ಲೇ ಸಣ್ಣ ದೋಣಿಯನ್ನು ಮಗುಚಬಲ್ಲ ಅಲೆಗಳು ಏಳುತ್ತವೆ. ಬೆಚ್ಚಗಿನ ಮಧ್ಯಾಹ್ನದ ಬಟ್ಟೆಯಲ್ಲಿಯೇ ನವೆಂಬರ್‌ನ ತಣ್ಣೀರಿಗೆ ಬಿದ್ದವರಿಗೆ ಮೊದಲ ನಿಮಿಷದಲ್ಲಿ ಉಸಿರು ಕಟ್ಟುತ್ತದೆ. ಕೆಲವೇ ನಿಮಿಷಗಳಲ್ಲಿ ಕೈಕಾಲುಗಳ ಬಲ ಕುಂದುವುದರಿಂದ ಈಜು ಬಲ್ಲವರೂ ಮುಳುಗುತ್ತಾರೆ. ದೋಣಿಯಲ್ಲಿಟ್ಟ ಜೀವರಕ್ಷಕ ಜಾಕೆಟ್ ಆಗ ನೆರವಿಗೆ ಬರುವುದಿಲ್ಲ, ಅದನ್ನು ಮೊದಲೇ ಧರಿಸಿರಬೇಕು. ಸಣ್ಣ ದೋಣಿಗಳಲ್ಲಿ ಸಂಚರಿಸುವ 13 ವರ್ಷದೊಳಗಿನ ಮಕ್ಕಳಿಗೆ ಎರಡೂ ರಾಜ್ಯಗಳಲ್ಲಿ ಇದು ಕಡ್ಡಾಯ. ಹೊರಡುವ ಮುನ್ನ ಹವಾಮಾನ ಮುನ್ಸೂಚನೆ ನೋಡುವುದು ಮತ್ತು ಮರಳುವ ಸಮಯವನ್ನು ದಡದಲ್ಲಿರುವ ಒಬ್ಬರಿಗೆ ತಿಳಿಸುವುದು ಅಗತ್ಯ.

ನಿಯಮಗಳು ಮತ್ತು ಸಂರಕ್ಷಣೆ

ಜಲಾಶಯವು ಎರಡು ರಾಜ್ಯಗಳಲ್ಲಿ ಹರಡಿರುವುದರಿಂದ ಒಂದು ರಾಜ್ಯದ ಸಾಮಾನ್ಯ ಪರವಾನಗಿ ಇನ್ನೊಂದು ರಾಜ್ಯದ ನೀರಿಗೆ ಅನ್ವಯಿಸುವುದಿಲ್ಲ. ಇಡೀ ಜಲಾಶಯಕ್ಕೆ ಅನ್ವಯಿಸುವ ಪ್ರತ್ಯೇಕ ಟೆಕ್ಸೋಮಾ ಪರವಾನಗಿ ಲಭ್ಯವಿದೆ. ಸ್ಟ್ರೈಪ್ಡ್ ಬಾಸ್ ಮತ್ತು ಅದರ ಮಿಶ್ರತಳಿಗಳಿಗೆ ದಿನಕ್ಕೆ ಒಬ್ಬರಿಗೆ ಒಟ್ಟು 10 ಮೀನುಗಳ ಮಿತಿಯಿದ್ದು, ಅವುಗಳಲ್ಲಿ 20 ಅಂಗುಲ ಅಥವಾ ಅದಕ್ಕಿಂತ ಉದ್ದದವು ಎರಡನ್ನು ಮೀರುವಂತಿಲ್ಲ. ನಿಯಮಗಳು ಪರಿಷ್ಕರಣೆಗೆ ಒಳಪಡುವುದರಿಂದ ಆಯಾ ವರ್ಷದ ಅಧಿಕೃತ ಪ್ರಕಟಣೆಯನ್ನು ನೋಡಬೇಕು. ಒಂದೇ ಹಿಂಡಿನಲ್ಲಿ ವೈಟ್ ಬಾಸ್ ಕೂಡ ಇರುವುದರಿಂದ ಮೀನನ್ನು ಗುರುತಿಸಲು ತಿಳಿದಿರಬೇಕು. ಸ್ಟ್ರೈಪ್ಡ್ ಬಾಸ್‌ನ ಮೈ ನೀಳವಾಗಿದ್ದು ಹಲವು ಪಟ್ಟೆಗಳು ಬಾಲದವರೆಗೆ ಸಾಗುತ್ತವೆ. ವೈಟ್ ಬಾಸ್‌ನ ಮೈ ಅಗಲವಾಗಿದ್ದು ಸಾಮಾನ್ಯವಾಗಿ ಒಂದೇ ಪಟ್ಟೆ ಬಾಲವನ್ನು ಮುಟ್ಟುತ್ತದೆ.

ಮರಳಿ ನೀರಿಗೆ ಬಿಟ್ಟ ಮೀನು ಬದುಕುವುದು ಬಹುಮಟ್ಟಿಗೆ ನೀರಿನ ಉಷ್ಣಾಂಶವನ್ನು ಅವಲಂಬಿಸಿದೆ. ಸೆಪ್ಟೆಂಬರ್‌ನ ಬೆಚ್ಚನೆಯ ನೀರಿನಲ್ಲಿ ಆಳದಿಂದ ಎಳೆದ ಸ್ಟ್ರೈಪ್ಡ್ ಬಾಸ್ ಈಜಿಕೊಂಡು ಹೋದಂತೆ ಕಂಡರೂ ಸ್ವಲ್ಪ ಹೊತ್ತಿನಲ್ಲಿ ಸಾಯುವ ಸಂಭವ ಹೆಚ್ಚು. ಆ ತಿಂಗಳಲ್ಲಿ ಮಿತಿಯಷ್ಟು ಮೀನು ಸಿಕ್ಕೊಡನೆ ಹಿಡಿಯುವುದನ್ನು ನಿಲ್ಲಿಸುವುದೇ ಉತ್ತಮ. ನವೆಂಬರ್‌ನ ತಣ್ಣನೆಯ ನೀರಿನಲ್ಲಿ ಬಿಟ್ಟ ಮೀನು ಬದುಕುವ ಸಾಧ್ಯತೆ ಬಹಳ ಹೆಚ್ಚು. ಜೀವಂತ ಎರೆಗೆ ವೃತ್ತಾಕಾರದ ಕೊಕ್ಕೆ ಬಳಸುವುದು, ಮೀನನ್ನು ಬೇಗ ದಡಕ್ಕೆ ತರುವುದು, ಒದ್ದೆ ಕೈಯಿಂದ ಮುಟ್ಟುವುದು, ಕಿವಿರುಗಳಿಗೆ ಬೆರಳು ತಾಗಿಸದಿರುವುದು ಬಿಟ್ಟ ಮೀನು ಬದುಕಲು ನೆರವಾಗುತ್ತವೆ.

2009ರಲ್ಲಿ ಟೆಕ್ಸೋಮಾದಲ್ಲಿ ಜೀಬ್ರಾ ಮಸೆಲ್ ಎಂಬ ಆಕ್ರಮಣಕಾರಿ ಚಿಪ್ಪುಜೀವಿ ಪತ್ತೆಯಾಯಿತು. ಟೆಕ್ಸಸ್ ರಾಜ್ಯದಲ್ಲಿ ಅದು ನೆಲೆಯೂರಿದ ಮೊದಲ ಜಲಾಶಯ ಇದೇ. ಬರಿಗಣ್ಣಿಗೆ ಕಾಣದ ಅದರ ಮರಿಗಳು ದೋಣಿಯ ತಳದಲ್ಲೋ ಎರೆಯ ತೊಟ್ಟಿಯಲ್ಲೋ ಉಳಿದ ನೀರಿನೊಂದಿಗೆ ಬೇರೆ ಜಲಾಶಯಗಳಿಗೆ ಸಾಗಬಲ್ಲವು. ಹೀಗಾಗಿ ಟೆಕ್ಸಸ್‌ನಲ್ಲಿ ಜಲಾಶಯದಿಂದ ಹೊರಡುವಾಗ ದೋಣಿಯ ಎಲ್ಲ ಭಾಗಗಳ ನೀರನ್ನು ಬಸಿದು ಖಾಲಿ ಮಾಡುವುದು ಕಡ್ಡಾಯವಾಗಿದೆ. ದೋಣಿಯನ್ನು ತೊಳೆದು, ಬೇರೆ ಜಲಾಶಯಕ್ಕೆ ಇಳಿಸುವ ಮುನ್ನ ಪೂರ್ತಿ ಒಣಗಿಸುವಂತೆಯೂ ಸೂಚಿಸಲಾಗುತ್ತದೆ.